ತಮ್ಮನ ದವಡೆ

ಸಿಟ್ಟು ಬರಲಿಲ್ಲ. ಅಲಾರಂ ಹೊಡೆದು ಸುಮ್ಮನಾಗಿ, ಪಕ್ಕದಲ್ಲಿ ಮಲಗಿದ್ದ ಹೆಂಡತಿ ಮಗ್ಗುಲು ಬದಲಿಸಿ, ಕಿಟಕಿಯ ಗಾಜು ಕಪ್ಪಿನಿಂದ ಬೂದುಬಣ್ಣಕ್ಕೆ ತಿರುಗಿದರೂ ಅವನು ಹೊದಿಕೆಯೊಳಗೇ ಕಾಯುತ್ತಿದ್ದ. ದಿನವೂ ಅದು ತಾನಾಗಿಯೇ ಬರುತ್ತಿತ್ತು. ಕಣ್ಣು ಬಿಡುವ ಮೊದಲೇ ಎಡಗೆನ್ನೆ ಬಿಸಿಯಾಗಿ, ಆ ಬಿಸಿ ಕಿವಿಯ ಹಿಂದಿನಿಂದ ಭುಜಕ್ಕಿಳಿದು, ಭುಜದಿಂದ ಮುಷ್ಟಿಗೆ ಬರುವಷ್ಟರಲ್ಲಿ ಕಾಲು ಮಂಚದ ಕೆಳಗೆ ಬೂಟು ತಡಕುತ್ತಿರುತ್ತಿತ್ತು. ಇವತ್ತು ಕೆನ್ನೆ ಬರೀ ಕೆನ್ನೆಯಾಗಿತ್ತು. ಮುಟ್ಟಿ ನೋಡಿಕೊಂಡ. ಗಡ್ಡ ಬೆಳೆದಿತ್ತು, ಅಷ್ಟೆ. ತಾನಾಗಿ ಬಾರದಿದ್ದರೆ ಕರೆದು ತರಬೇಕು ಎಂದುಕೊಂಡು ಮೊದಲಿನಿಂದ ಶುರುಮಾಡಿದ. ಕನ್ನಡಕದ ಅಂಗಡಿ. ಮಧ್ಯಾಹ್ನ. ಕೌಂಟರಿನ ಹಿಂದೆ ತಮ್ಮ ಫೋನನ್ನು ಕಿವಿಗೊತ್ತಿಕೊಂಡು ಯಾರ ಹತ್ತಿರವೋ ಜಗಳವಾಡುತ್ತಿದ್ದಾನೆ. ಗಾಜು ಉಜ್ಜುವ ಹಿಂದಿನ ಕೋಣೆಯಿಂದ ತಾನು ಎದ್ದು ಬಂದು, ಆ ಕಂದು ಫ್ರೇಮು ಎಲ್ಲಿಟ್ಟೆ ಎಂದು ಕೇಳುತ್ತಾನೆ. ಇನ್ನೊಮ್ಮೆ ಕೇಳುತ್ತಾನೆ. ಆಗ ತಮ್ಮನ ಇನ್ನೊಂದು ಕೈ, ಫೋನು ಹಿಡಿಯದ ಕೈ, ನೊಣ ಓಡಿಸುವ ಹಾಗೆ ಬಂದು ಕೆನ್ನೆಗೆ ಬಡಿಯುತ್ತದೆ. ಕನ್ನಡಕ ಹಾರಿ ಷೋಕೇಸಿನ ಅಡಿಗೆ ಜಾರುತ್ತದೆ. ತಮ್ಮ ಫೋನಿನಲ್ಲಿ, "ಹ್ಞಾಂ, ಹೇಳಿ, ಹೇಳಿ, ಏನಿಲ್ಲ" ಅನ್ನುತ್ತಾನೆ.

ಏನಿಲ್ಲ. ಇಡೀ ವರ್ಷ ಅವನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಆ ಮಾತು. ಏಟು ದೊಡ್ಡದೇನಲ್ಲ, ದೊಡ್ಡದಾಗಿದ್ದರೆ ಊದುತ್ತಿತ್ತು, ನಾಲ್ಕು ಜನ ಕೇಳುತ್ತಿದ್ದರು, ತಮ್ಮನೇ ಹೆದರಿ ಬಂದು ಕಾಲು ಹಿಡಿಯುತ್ತಿದ್ದನೋ ಏನೋ. ಸಣ್ಣ ಏಟಿಗೆ ಯಾರ ಹತ್ತಿರ ನ್ಯಾಯ ಕೇಳುವುದು? ತಾನು ಹೊಟ್ಟೆಯ ಮೇಲೆ ಮಲಗಿ ಷೋಕೇಸಿನ ಕೆಳಗಿನ ಧೂಳಿನಲ್ಲಿ ಕೈಯಾಡಿಸಿದ್ದು, ಮಸುಕು ಮಸುಕಾಗಿ ಒಂದಿಷ್ಟು ಪಾದಗಳು ಕಂಡದ್ದು, ಅವುಗಳಲ್ಲಿ ಒಂದು ಜೊತೆ ಊಟದ ಡಬ್ಬಿ ತಂದಿದ್ದ ಹೆಂಡತಿಯದು ಎಂದು ಸೀರೆಯ ಅಂಚಿನಿಂದ ಗೊತ್ತಾದದ್ದು. ಕನ್ನಡಕ ಸಿಕ್ಕಿ ಮೇಲೇಳುವ ಹೊತ್ತಿಗೆ ಅವಳು ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಹೊರಟುಹೋಗಿದ್ದಳು. ಆವತ್ತು ಮನೆಯಲ್ಲಿ ಅವಳು ಅದರ ಮಾತೇ ಎತ್ತಲಿಲ್ಲ. ತಟ್ಟೆಗೆ ಎಂದಿಗಿಂತ ಹೆಚ್ಚು ಬಡಿಸಿದಳು. ಆ ಹೆಚ್ಚಿನ ತುತ್ತನ್ನು ತಟ್ಟೆಯಂಚಿಗೆ ಸರಿಸಿ ಎದ್ದದ್ದು ಅವನಿಗೆ ಇನ್ನೂ ನೆನಪಿದೆ. ನೆನಪೇನೋ ಇದೆ, ಆದರೆ ಇವತ್ತು ಎಲ್ಲವೂ ಬೇರೆ ಯಾರಿಗೋ ಆದದ್ದರ ಹಾಗೆ, ಒಗೆದು ಒಗೆದು ಬಣ್ಣ ಬಿಟ್ಟ ಅಂಗಿಯ ಹಾಗೆ ಇತ್ತು. ಆ ಫ್ರೇಮು ಕಂದುಬಣ್ಣದ್ದೇ ಹೌದೇ ಎಂಬ ಅನುಮಾನ ಬಂದಾಗ ಅವನಿಗೆ ನಿಜವಾಗಿ ಗಾಬರಿಯಾಯಿತು. ಮರೆತುಹೋದರೆ? ಮರೆತರೆ ತಮ್ಮ ಗೆದ್ದಹಾಗೆ. ಅವನು ಆ ಕ್ಷಣದಲ್ಲೇ ಮರೆತವನು. ತಾನು ತಡವಾಗಿ ಮರೆತರೂ ಮರೆತಂತೆಯೇ.

"ಇವತ್ತು ಹೋಗಲ್ವಾ?" ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಹೋಗ್ತೀನಿ."

"ಹೋಗದಿದ್ರೂ ನಡೆಯುತ್ತೆ. ಸಕ್ಕರೆ ಹೆಂಗೂ ಇಳಿದಿದೆಯಲ್ಲ."

ಸಕ್ಕರೆ ಕಾಯಿಲೆಗೆ ವ್ಯಾಯಾಮ ಅಂತ ಅವನೇ ಹೇಳಿದ್ದ ಸುಳ್ಳು ಅದು. ಅವಳು ಅದನ್ನು ನಂಬಿದ್ದಾಳೋ, ನಂಬಿದ ಹಾಗೆ ಇಟ್ಟುಕೊಂಡಿದ್ದಾಳೋ ತಿಳಿಯದು. ಅವನು ಎದ್ದ. ಸಿಟ್ಟಿನಿಂದಲ್ಲ, ಮಲಗಿದ್ದರೆ ಅವಳ ಮುಂದೆ ಸೋತ ಹಾಗಾಗುತ್ತದೆಂದು.

ಬಾಕ್ಸಿಂಗ್ ಕಲಿಸುವ ಜಾಗ ಟೈರು ಗೋದಾಮಿನ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ರಬ್ಬರು, ಬೆವರು, ಎಣ್ಣೆ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಕೋಚ್‌ಗೆ ಹುಡುಗರು ಇಟ್ಟ ಹೆಸರು ಮೂಗಪ್ಪ. ಏಟು ತಿಂದು ತಿಂದು ಅವನ ಮುಖದಲ್ಲಿ ಮೂಗು ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅದಕ್ಕೇ. ಅವನಿಗೂ ಅದು ಗೊತ್ತು. ಹಿಂದಿನಿಂದ ಯಾರಾದರೂ ಹಾಗೆ ಕರೆದರೆ ತಿರುಗಿಯೂ ನೋಡುತ್ತಾನೆ. ಇಲ್ಲಿಗೆ ಕಲಿಯಲು ಬರುವವರಲ್ಲೆಲ್ಲ ಇವನೇ ಹಿರಿಯ. ಮೊದಲ ವಾರ ಹಗ್ಗ ಜಿಗಿಯುವಾಗ ಹಗ್ಗ ಕಾಲಿಗೆ ಸುತ್ತಿ ಬಿದ್ದಾಗ ಹುಡುಗರು ನಕ್ಕಿದ್ದರು, ಆದರೆ ಆ ನಗು ಅವನಿಗೆ ನಾಟಿರಲಿಲ್ಲ. ಒಂದು ಅವಮಾನ ಜೊತೆಗಿದ್ದರೆ ಉಳಿದ ಅವಮಾನಗಳಿಗೆ ಜಾಗವಿರುವುದಿಲ್ಲ. ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಜಗತ್ತು ಎಂದಿನಂತೆ ಕರಗಿತು. ಅವನಿಗೆ ಇಷ್ಟವಾದ ಕ್ಷಣ ಇದೇ. ಕನ್ನಡಕವಿಲ್ಲದ ಕಣ್ಣಿಗೆ ಎದುರಿಗಿರುವವರಿಗೆಲ್ಲ ಮುಖವೇ ಇರುವುದಿಲ್ಲ, ಯಾರ ಮುಖ ಬೇಕಾದರೂ ಅಂಟಿಸಿಕೊಳ್ಳಬಹುದು. ತಮ್ಮನ ಅಗಲ ಹಣೆ, ಗಿರಾಕಿಗಳಿಗೆಲ್ಲ ಎಷ್ಟು ಹಂಚಿದರೂ ಸವೆಯದ ನಗು, ಅಪ್ಪನಿಂದ ಬಂದ ಚೌಕ ದವಡೆ. ಗುದ್ದಲು ತೂಗುಹಾಕಿದ್ದ ಬ್ಯಾಗಿನ ಮೇಲೆ ಟೇಪು ಸುತ್ತಿದ ಜಾಗದಲ್ಲೇ ಆ ದವಡೆ ಇರುತ್ತಿತ್ತು. ಇವತ್ತು ಬ್ಯಾಗಿನ ಮೇಲೆ ಟೇಪು ಮಾತ್ರ ಇತ್ತು. ಹೊಡೆದ. ಕೈ ಹೋಗಿ ಬಡಿದು ವಾಪಸು ಬಂತು, ಬಾಗಿಲು ತಟ್ಟಿ ಯಾರೂ ಇಲ್ಲವೆಂದು ಬಂದವನ ಹಾಗೆ.

"ಏನ್ ಕನ್ನಡಕದೋರೇ," ಕೋಚ್ ಬ್ಯಾಗನ್ನು ಹಿಂದಿನಿಂದ ತಬ್ಬಿ ಹಿಡಿದು ಕೇಳಿದ, "ಇವತ್ತು ಒಬ್ಬರೇ ಬಂದ ಹಂಗಿದೆ?"

"ದಿನಾ ಒಬ್ಬನೇ ಅಲ್ವಾ ಬರೋದು."

"ಎಲ್ಲಿ? ದಿನಾ ಯಾರನ್ನೋ ಜೊತೇಲಿ ಕರ್ಕೊಂಡು ಬರ್ತಿದ್ರಿ. ಅವನಿಗೇ ಅಲ್ವಾ ಹೊಡೀತಿದ್ದಿದ್ದು? ಇವತ್ತು ಪಾಪ, ಬರೀ ಚೀಲಕ್ಕೆ ಹೊಡೀತಿದೀರ."

ಅವನಿಗೆ ಬಟ್ಟೆ ಬಿಚ್ಚಿಸಿ ನಿಲ್ಲಿಸಿದ ಹಾಗಾಯಿತು. ಕೋಚ್ ಅದನ್ನು ಗಮನಿಸದೆ, ಅಥವಾ ಗಮನಿಸಿಯೇ, ಮುಂದುವರಿಸಿದ. "ನಂಗೂ ಒಬ್ಬ ಇದ್ದ. ನಮ್ಮ ಚಿಕ್ಕಪ್ಪ. ಅವನನ್ನ ನೆನೆಸ್ಕೊಂಡೇ ನಾನು ಎರಡು ಪದಕ ಗೆದ್ದೆ. ಒಂದಿನ ಸತ್ತೋದ. ನಾನು ಅತ್ತುಬಿಟ್ಟೆ ನೋಡಿ ಆವತ್ತು, ಮನೆಯೋರೆಲ್ಲ ಎಷ್ಟು ಪ್ರೀತಿ ಅಂತ ಹೊಗಳಿದ್ರು. ಆಮೇಲೆ ಒಂದು ವರ್ಷ ಈ ಕಡೆ ತಲೆ ಹಾಕಲಿಲ್ಲ."

"ಮತ್ತೆ ಹೆಂಗೆ ಬಂದ್ರಿ?"

"ಬೇಜಾರಾಯ್ತು, ಬಂದೆ," ಎಂದ ಕೋಚ್, ಅದರಲ್ಲಿ ಹೇಳುವಂಥದೇನೂ ಇಲ್ಲ ಅನ್ನುವಂತೆ. "ನೀವು ಇವತ್ತು ಮನೆಗೆ ಹೋಗಿ. ಚೀಲಕ್ಕೂ ಮರ್ಯಾದೆ ಅಂತ ಇರುತ್ತೆ."

ಅಂಗಡಿಗೆ ನಡೆಯುತ್ತ ಅವನು ಆಸೆ ಇಟ್ಟುಕೊಂಡದ್ದು ತಮ್ಮನ ಮೇಲೇ. ತಮ್ಮ ಇವತ್ತು ಏನಾದರೂ ಅನ್ನಬೇಕು. ಇನ್ನೊಬ್ಬರ ಮುಂದೆ ಅಂದರೆ ಇನ್ನೂ ಒಳ್ಳೆಯದು. ಇದು ಹೊಸದಲ್ಲ, ತಿಂಗಳುಗಳಿಂದ ಅವನು ತಮ್ಮನ ಬಾಯಿಯ ಮುಂದೆ ಪಾತ್ರೆ ಹಿಡಿದು ನಿಂತವನ ಹಾಗೆ ಬದುಕುತ್ತಿದ್ದ. ತಮ್ಮ ರೇಗಿದ ದಿನದ ಮರುಬೆಳಿಗ್ಗೆ ಕಾಲು ಗಾಳಿಯ ಹಾಗೆ ಓಡುತ್ತಿತ್ತು. ರೇಗದ ದಿನ ಖಾಲಿ. ಒಮ್ಮೆ ತಮ್ಮ ತನ್ನ ಹೆಂಡತಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುವುದನ್ನು ಹಿಂದಿನ ಕೋಣೆಯಿಂದ ಕೇಳಿಸಿಕೊಂಡು ಅವನು ಎಷ್ಟು ಖುಷಿಪಟ್ಟಿದ್ದನೆಂದರೆ, ಆಕೆ ಆಚೆ ತುದಿಯಲ್ಲಿ ಅಳುತ್ತಿರಬಹುದು ಎಂಬುದು ಮಾರನೆಯ ದಿನ ಬ್ಯಾಗಿಗೆ ಹೊಡೆದು ಸುಸ್ತಾದ ಮೇಲೆಯೇ ಹೊಳೆದದ್ದು. ಹೊಳೆದಾಗ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೂ ತಮ್ಮನೇ ಕಾರಣ ಎಂದುಕೊಂಡು ಅದನ್ನೂ ಬ್ಯಾಗಿನ ಮೇಲೆ ಹಾಕಿದ. ಇನ್ನೊಮ್ಮೆ ತಮ್ಮನ ಮಗಳಿಗೆ ಜ್ವರ ಏರಿ, ತಮ್ಮ ಕೌಂಟರಿನ ಹಿಂದೆ ಕೂತು ಮುಖ ಮುಚ್ಚಿಕೊಂಡಾಗ ಇವನು ನೀರು ತಂದು ಕೊಟ್ಟಿದ್ದ, ಬೆನ್ನು ಸವರಿದ್ದ, ಸವರುತ್ತಲೇ ಒಳಗೊಳಗೆ ಇವತ್ತಿನ ಸಿಟ್ಟು ಕೈತಪ್ಪಿತು, ಮೋಸಹೋದೆ ಅಂದುಕೊಂಡಿದ್ದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಹೊಸ ಕುರ್ಚಿ ಇತ್ತು. ಗಾಲಿಯದು, ಎತ್ತರದ ಬೆನ್ನಿನದು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ.

"ಕೂತು ನೋಡಣ್ಣ," ತಮ್ಮ ಬಾಗಿಲಲ್ಲಿ ನಿಂತು ಹೇಳಿದ. "ನೀನು ಸೊಂಟ ಹಿಡ್ಕೊಂಡು ಏಳೋದು ನೋಡಿ ನೋಡಿ ಸಾಕಾಗಿತ್ತು. ಇದು ಬೆನ್ನಿಗೆ ಒಳ್ಳೇದಂತೆ."

"ನನಗೇನಾಗಿದೆ ಬೆನ್ನಿಗೆ?"

"ಏನೂ ಆಗಿಲ್ಲಪ್ಪ. ಆಗದೇ ಇರ್ಲಿ ಅಂತ."

ಕೂತ. ಕುರ್ಚಿ ಬೆನ್ನನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡ ಹಾಗೆ ತೆಗೆದುಕೊಂಡಿತು. ಅದು ಹಿತವಾಗಿದ್ದದ್ದನ್ನೇ ಅವನಿಗೆ ತಡೆಯಲಾಗಲಿಲ್ಲ. ಹೊಡೆದದ್ದಕ್ಕೆ ಕ್ಷಮೆ ಕೇಳದವನು, ಹೊಡೆದದ್ದೇ ನೆನಪಿಲ್ಲದವನು, ಈಗ ಕುರ್ಚಿ ತಂದು ಕೂರಿಸಿ ತನ್ನ ಕೈಯಲ್ಲಿದ್ದ ಒಂದೇ ಒಂದು ವಸ್ತುವನ್ನೂ ಕಿತ್ತುಕೊಳ್ಳುತ್ತಿದ್ದಾನೆ. ನಾಳೆ ಬೆಳಿಗ್ಗೆ ಏನನ್ನು ನೆನೆದು ಎದ್ದೇಳುವುದು, ಈ ಕುರ್ಚಿಯನ್ನೇ? ಮೇಜಿನ ಮೇಲೆ ಶಾಲೆಯ ವ್ಯಾನು ಓಡಿಸುವ ಹೆಂಗಸಿನ ಕನ್ನಡಕ ಇತ್ತು. ಮಧ್ಯಾಹ್ನ ತೆಗೆದುಕೊಂಡು ಹೋಗಲು ಬರುತ್ತಾಳೆ. ಅವಳ ಕಣ್ಣಿನ ದೋಷಕ್ಕೆ ಗಾಜನ್ನು ಇಂಥದೇ ಓರೆಯಲ್ಲಿ ಕೂರಿಸಬೇಕು. ಆ ಓರೆ ತಪ್ಪಿದರೆ ಹಾಕಿಕೊಂಡವರಿಗೆ ನೆಲ ಒಂದು ಕಡೆಗೆ ವಾಲುತ್ತದೆ, ದೂರ ಹತ್ತಿರದ ಅಂದಾಜು ಕೆಡುತ್ತದೆ. ಅವನು ಗಾಜಿನ ಮೇಲೆ ಗುರುತು ಹಾಕಿದ. ಹಾಕಿ, ಅಳಿಸಿ, ಅದಕ್ಕೆ ಅಡ್ಡವಾಗಿ ಇನ್ನೊಂದು ಹಾಕಿದ. ಅವಳು ಜೋರು ಬಾಯಿಯವಳು. ವಾಪಸು ಬರುತ್ತಾಳೆ, ಕೌಂಟರಿನ ಮುಂದೆ ನಿಂತು ಮಾನ ಹರಾಜು ಹಾಕುತ್ತಾಳೆ. ತಮ್ಮನ ಹಣೆಯ ನರ ಉಬ್ಬುತ್ತದೆ. ಅವನು ಈ ಕೋಣೆಗೆ ಬರುತ್ತಾನೆ, ಕೈ ಎತ್ತುತ್ತಾನೆ. ಆಗ. ಯಂತ್ರ ಗಾಜನ್ನು ಉಜ್ಜುವ ಸದ್ದಿನೊಳಗೆ ಅವನ ಎಡಗೆನ್ನೆ, ಬೆಳಿಗ್ಗೆಯಿಂದ ತಣ್ಣಗಿದ್ದದ್ದು, ನಿಧಾನವಾಗಿ ಬಿಸಿಯಾಗತೊಡಗಿತು. ಊರಿಗೆ ಹೋದವರು ಮನೆಗೆ ಮರಳಿದಷ್ಟು ಸಂತೋಷವಾಯಿತು.

ಅವಳು ಶಾಲೆ ಬಿಟ್ಟ ಮೇಲೆಯೇ ಬಂದಳು. ವ್ಯಾನು ಹೊರಗೆ ಗುರುಗುಡುತ್ತ ನಿಂತಿತ್ತು; ಒಳಗಿನ ಮಕ್ಕಳ ಗಲಾಟೆ ಹಿಂದಿನ ಕೋಣೆಯವರೆಗೂ ಕೇಳುತ್ತಿತ್ತು. ಮಕ್ಕಳನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತಮ್ಮ ಕನ್ನಡಕ ಒರೆಸಿ ಅವಳ ಮುಖಕ್ಕೆ ಏರಿಸಿರಬೇಕು, ಕನ್ನಡಿ ತೋರಿಸಿರಬೇಕು.

"ಅಯ್ಯೋ, ಇದೇನ್ರೀ, ನೆಲ ಎದ್ದು ಬಂದ ಹಂಗಾಗುತ್ತೆ," ಎಂದಳು ಅವಳು.

"ಹೊಸದಲ್ವಾ ಅಕ್ಕ. ಎರಡು ದಿನ ಹಂಗೇ, ಆಮೇಲೆ ಅಭ್ಯಾಸ ಆಗುತ್ತೆ."

"ಗಾಡಿ ಓಡಿಸ್ಬೋದಾ?"

"ಧಾರಾಳವಾಗಿ. ಗಾಜು ಕೂರಿಸಿದ್ದು ನಮ್ಮಣ್ಣ. ಅವನ ಕೈ ತಪ್ಪೋದೇ ಇಲ್ಲ, ನಾನು ತಿರುಗಿಸಿಯೂ ನೋಡಲ್ಲ."

ಅವನು ಕುರ್ಚಿಯಿಂದ ಏಳಲಿಲ್ಲ. ಈಗ ಎದ್ದರೆ ಎಲ್ಲ ಹಾಳು. ಒಂದು ಯೋಚನೆ ಬಂತು, ಸಕ್ಕರೆಯ ಹಾಗೆ ನಾಲಿಗೆಯ ಮೇಲೆ ಕೂತಿತು: ಓಡಿಸಬಹುದು ಎಂದದ್ದು ತಮ್ಮ. ಏನಾದರೂ ಆದರೆ, ಹೇಳಿದವನು ತಮ್ಮ. ಜನ ಬಂದು ಹಿಡಿಯುವುದು ತಮ್ಮನ ಕುತ್ತಿಗೆಯನ್ನು. ಈ ಹಿಂದಿನ ಕೋಣೆಯಲ್ಲಿ ಒಬ್ಬ ಇದ್ದಾನೆಂದೇ ಯಾರಿಗೂ ಗೊತ್ತಿಲ್ಲ. ಹೊಡೆಯುವ ಕಷ್ಟವೂ ಇಲ್ಲ. ಆ ಸಿಹಿಯನ್ನು ಅವನು ಪೂರ್ತಿ ಸವಿದ, ಅದನ್ನು ಆಮೇಲೆ ಎಂದೂ ತನ್ನಿಂದ ಮುಚ್ಚಿಡಲಾಗಲಿಲ್ಲ. ಹೊರಗೆ ವ್ಯಾನಿನ ಬಾಗಿಲು ದಢ್ ಎಂದು ಮುಚ್ಚಿತು. ಒಂದು ಮಗು ಕಿರುಚಿತು, ನಗುವುದಕ್ಕೋ ಅಳುವುದಕ್ಕೋ. ಗೇರು ಬಿದ್ದ ಸದ್ದು.

ಅವನು ಯಾವಾಗ ಎದ್ದನೋ, ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು. ನಿಲುವುಗನ್ನಡಿಗೆ ಭುಜ ತಾಗಿಸಿ, "ಅಣ್ಣ, ಏನಾಯ್ತು?" ಎಂದ ತಮ್ಮನನ್ನು ಬದಿಗೆ ತಳ್ಳಿ, ಬೀದಿಗಿಳಿದು ಓಡಿದ. ವ್ಯಾನು ತಿರುವಿನ ಹತ್ತಿರ ಹೋಗಿತ್ತು. ರಸ್ತೆಯ ಮಧ್ಯಕ್ಕೆ ತುಸು ಹೆಚ್ಚೇ ಸರಿದಿತ್ತು, ಎದುರಿನಿಂದ ಬಂದ ಲಾರಿಯವನು ಹಾರನ್ ಒತ್ತಿ ಹಿಡಿದೇ ಇದ್ದ. ಇಡೀ ವರ್ಷ ತಮ್ಮನಿಗೆಂದು ಗಟ್ಟಿಮಾಡಿಕೊಂಡ ಕಾಲು, ತಮ್ಮನಿಗೆಂದು ಕೂಡಿಟ್ಟ ಉಸಿರು. ಲಾರಿ ಒರಸಿಕೊಂಡು ಹೋದ ಗಾಳಿ ಮುಖಕ್ಕೆ ಬಡಿಯುತ್ತಿದ್ದಂತೆ ಅವನು ವ್ಯಾನಿನ ಬಾಗಿಲಿಗೆ ಎರಡೂ ಮುಷ್ಟಿಯಿಂದ ಗುದ್ದಿದ. ಅವಳು ಬ್ರೇಕು ಒತ್ತಿ ತಲೆ ಹೊರಗೆ ಹಾಕಿದಳು.

"ಏನ್ರೀ, ಸಾಯೋಕೆ ನನ್ನ ಗಾಡಿನೇ ಬೇಕಿತ್ತಾ?"

"ಕನ್ನಡಕ ಕೊಡಿ."

"ಯಾಕೆ?"

"ತಪ್ಪಾಗಿದೆ. ಗಾಜು ತಪ್ಪಾಗಿ ಕೂತಿದೆ."

"ಅಭ್ಯಾಸ ಆಗುತ್ತೆ ಅಂದ್ರಲ್ಲ ಅವರು!"

"ಆಗಲ್ಲ. ಇದು ಅಭ್ಯಾಸ ಆಗೋ ಅಂಥದ್ದಲ್ಲ. ನಿಮ್ಮ ಹಳೇದನ್ನ ಹಾಕ್ಕೊಳ್ಳಿ, ದಮ್ಮಯ್ಯ ಅಂತೀನಿ."

ಮಕ್ಕಳು ಗಾಜಿಗೆ ಮೂಗೊತ್ತಿ ಅವನನ್ನು ನೋಡುತ್ತಿದ್ದವು. ಅವಳು ಕನ್ನಡಕ ಕಿತ್ತು ಅವನ ಕೈಗೆ ಹಾಕಿದಳು. "ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ ಎಲ್ಲಾದ್ರೂ," ಎಂದಳು. ಮಕ್ಕಳು ನಕ್ಕವು. ವ್ಯಾನು ಹೋದ ಮೇಲೆ ಅವನು ಕನ್ನಡಕವನ್ನು ಮಡಿಸಿ ಹಿಡಿದು ವಾಪಸು ನಡೆದ.

ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಇವನು ಒಳಗೆ ಬಂದು ಕನ್ನಡಕವನ್ನು ಕೌಂಟರಿನ ಮೇಲಿಟ್ಟ.

"ತಪ್ಪಾಗಿ ಕೂರಿಸಿದ್ದೆ."

"ಆಗುತ್ತೆ, ಬಿಡು. ಫೋನ್ ಮಾಡಿದ್ರೆ ಆಗಿತ್ತು, ಹಿಂಗೆ ಬಿದ್ದಂಬೀಳ ಓಡಿ..."

"ಬೇಕಂತಲೇ ಕೂರಿಸಿದೆ."

ತಮ್ಮ ಅವನನ್ನೇ ನೋಡಿದ. ಆಮೇಲೆ ಹೋಗಿ ಷಟರನ್ನು ಅರ್ಧಕ್ಕೆ ಎಳೆದ. ಅಂಗಡಿ ಮಬ್ಬಾಯಿತು, ಗೋಡೆಯುದ್ದಕ್ಕೂ ಕಣ್ಣಿಲ್ಲದ ಕನ್ನಡಕಗಳು. ಬಂತು, ಎಂದುಕೊಂಡ ಅವನು. ಕೇಳದೆಯೇ ಎಡಗಾಲು ಮುಂದೆ ಬಂತು, ಗದ್ದ ಕೆಳಗಿಳಿಯಿತು, ಕೈಗಳು ಎದೆಯ ಮಟ್ಟಕ್ಕೆ ಎದ್ದವು. ತಮ್ಮ ಆ ಕೈಗಳನ್ನು, ಕಾಲನ್ನು ನೋಡಿ, ಬೇಸತ್ತವನ ಹಾಗೆ ತಲೆಯಾಡಿಸಿದ.

"ನಿನ್ನ ಗೆಣ್ಣು ಸುಲಿದಿರೋದು ನನಗೆ ಕಾಣಲ್ಲ ಅಂದ್ಕೊಂಡ್ಯಾ? ಕನ್ನಡಕ ಮಾರೋನು ಕಣೋ ನಾನು. ದಿನಾ ಬೆಳಿಗ್ಗೆ ಈ ಬಾಗಿಲು ತೆಗೀವಾಗ, ಇವತ್ತು ಹೊಡೀತಾನೆ ಅಂತ ಜೀವ ಕೈಲಿ ಹಿಡ್ಕೊಂಡೇ ತೆಗೀತಿದ್ದೆ. ಅಷ್ಟು ಸಿಟ್ಟಿದ್ರೆ ಆವತ್ತೇ ಒಂದು ಬಿಡಬೇಕಿತ್ತು. ಬೈಯಬೇಕಿತ್ತು. ನೀನು ಹೋಗಿ ಮೆಷೀನ್ ಮುಂದೆ ಕೂತೆ!"

"ನಿನಗೆ ನೆನಪಿದೆಯಾ?"

"ಇಲ್ದೆ!"

"ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ?"

"ಹೆಂಗೆ ಹೇಳೋದು? ನೀನು ಏನೂ ಆಗಿಲ್ಲ ಅನ್ನೋ ಹಂಗೆ ಇದ್ದೆ. ನಾನೂ ಹಂಗೇ ಇದ್ದೆ." ತಮ್ಮನ ದನಿ ಒಡೆಯಿತು, ಅದಕ್ಕೆ ಅವನಿಗೇ ಸಿಟ್ಟು ಬಂತು. "ಅದಕ್ಕೆ ಆ ಹೆಂಗಸನ್ನ, ಆ ಮಕ್ಕಳನ್ನ ಯಾಕೋ ಎಳೆದೆ? ನಾನು ಇಲ್ಲೇ ಇದ್ನಲ್ಲ. ಹೊಡಿ." ತನ್ನ ಕನ್ನಡಕ ತೆಗೆದು ಮಡಿಸಿ ಕೌಂಟರಿನ ಮೇಲಿಟ್ಟು ಮುಖ ಮುಂದೆ ಮಾಡಿದ. "ಹೊಡಿ, ಮುಗಿಸು."

ಕನ್ನಡಕವಿಲ್ಲದ ತಮ್ಮನ ಮುಖವನ್ನು ಅವನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಮೂಗಿನ ಎರಡು ಬದಿಗೂ ಕೆಂಪಗೆ ಒತ್ತಿದ ಗುಳಿ, ಕಣ್ಣಿನ ಸುತ್ತ ಬಿಸಿಲು ಕಾಣದ ಚರ್ಮ. ಚಿಕ್ಕಂದಿನಲ್ಲಿ ಕೆರೆಗೆ ಇಳಿಸುವ ಮೊದಲು ಹೀಗೆಯೇ ಕಣ್ಣು ಕಿರಿದು ಮಾಡಿ, ಅಣ್ಣ ಕೈ ಬಿಡಬೇಡ ಅನ್ನುತ್ತಿದ್ದ. ಇವನ ಎತ್ತಿದ ಕೈ ಇನ್ನೇನು ಸಡಿಲಾಗಿ ಇಳಿಯುವುದರಲ್ಲಿತ್ತು. ಅಷ್ಟರಲ್ಲಿ ತಮ್ಮ ಕಣ್ಣು ಮುಚ್ಚಿಕೊಂಡ. ತಾಳಿಕೊಳ್ಳುತ್ತೇನೆ, ಇದೇನು ಮಹಾ, ಎಂಬಂಥ ಒಂದು ಗೆರೆ ತುಟಿಯ ಕೊನೆಯಲ್ಲಿ ಮೂಡಿತು. ಆ ಗೆರೆ ಸಾಕಾಯಿತು. ಹಿಂಗಾಲಿನಿಂದ ಎದ್ದ ಬಲ ಸೊಂಟ ತಿರುಗಿಸಿ ಭುಜ ಹಾಯ್ದು ಮುಷ್ಟಿಗೆ ಬಂತು, ಮುಷ್ಟಿ ದವಡೆಗೆ ಹೋಯಿತು. ಗ್ಲೌಸಿಲ್ಲದ ಕೈಗೆ ದವಡೆ ಅಂದರೆ ಬರೀ ಕಲ್ಲು ಎಂದು ಅವನಿಗೆ ಗೊತ್ತಿರಲಿಲ್ಲ. ಲಟ್ ಎಂದದ್ದು ತನ್ನ ಕೈಯೊಳಗೆ ಎಂದು ತಿಳಿಯುವ ಮೊದಲು ಒಂದು ಕ್ಷಣ ಸಿಕ್ಕಿತು, ಒಂದೇ ಒಂದು. ತಮ್ಮ ಕೌಂಟರಿಗೆ ಬಡಿದು ಕುಸಿದು ಕೂತ ಆ ಕ್ಷಣ. ಅದು ಅವನು ಊಹಿಸಿದ್ದಷ್ಟೇ ಚೆನ್ನಾಗಿತ್ತು. ಅದರ ಬಗ್ಗೆ ಅವನಿಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಆಮೇಲೂ ಆಗಲಿಲ್ಲ. ಆಮೇಲೆ ನೋವು ಬಂತು, ಮೊಣಕೈವರೆಗೆ.

ಆಟೋದಲ್ಲಿ ಆಸ್ಪತ್ರೆಗೆ ಹೋದರು. ತಮ್ಮ ತುಟಿಗೆ ಕರವಸ್ತ್ರ ಒತ್ತಿ ಹಿಡಿದಿದ್ದ, ಇವನು ಬಲಗೈಯನ್ನು ಮಗುವಿನ ಹಾಗೆ ಎಡಗೈಯಲ್ಲಿ ಎತ್ತಿಕೊಂಡಿದ್ದ. ಡಾಕ್ಟರು ಹೇಗಾಯಿತೆಂದು ಕೇಳಿದಾಗ ಇವನು "ಬಿದ್ದೆ" ಎಂದ, ಅದೇ ಹೊತ್ತಿಗೆ ತಮ್ಮ "ಷಟರ್ ಬಿತ್ತು" ಎಂದ.

"ಷಟರ್ ಬಿತ್ತೋ, ನೀವು ಬಿದ್ರೋ?"

"ಎರಡೂ," ಎಂದ ತಮ್ಮ. ನಗಲು ಹೋಗಿ ತುಟಿ ಮತ್ತೆ ಹರಿದು ರಕ್ತ ಬಂತು.

ಕಿರುಬೆರಳಿನ ಬುಡದ ಮೂಳೆ ಮುರಿದಿತ್ತು. ಪಟ್ಟಿ ಹಾಕಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಎದುರಿನ ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ. ತಮ್ಮ ಗೋಡೆಯನ್ನೇ ನೋಡುತ್ತ ಕೇಳಿದ, "ಸರಿಹೋಯ್ತಾ?"

ಅವನು ಪ್ರಾಮಾಣಿಕವಾಗಿ ಹುಡುಕಿ ನೋಡಿದ.

"ಇಲ್ಲ," ಎಂದ.

"ಇನ್ನೇನಪ್ಪ ಬೇಕು ನಿನಗೆ?"

"ನೀನು ಕೊಟ್ಟೆ. ನಾನು ತಗೊಳ್ಳಲಿಲ್ಲ. ಕಣ್ಣು ಮುಚ್ಕೊಂಡು ನಿಂತವನಿಗೆ ಹೊಡೆಯೋಕಾ ನಾನು ಒಂದು ವರ್ಷ ಹಗ್ಗ ಜಿಗಿದಿದ್ದು?"

"ಹಂಗಾದ್ರೆ?"

"ನೀನೂ ಬಾ. ಕಲಿ. ನನ್ನ ಕೈ ಕೂಡೋವರೆಗೆ ಟೈಮ್ ಇದೆ. ಆಮೇಲೆ ಕೈ ಎತ್ತಿಕೊಂಡು ನಿಲ್ಲು ನನ್ನ ಮುಂದೆ."

"ನಿನಗೆ ತಲೆ ಕೆಟ್ಟಿದೆ."

"ಹ್ಞೂಂ."

"ನಾನು ಗೆದ್ರೆ?"

ಅವನು ಆ ಸಾಧ್ಯತೆಯನ್ನು ಇಷ್ಟು ದಿನದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸಿದೊಡನೆ ಮೈಯಲ್ಲಿ ಏನೋ ಒಂದು ಚುರುಕಾಗಿ ಓಡಿತು; ಅದು ಸಿಟ್ಟೋ, ಭಯವೋ, ಹೆಸರಿಲ್ಲದ ಬೇರೇನೋ, ನಾಳೆ ಎಬ್ಬಿಸಲು ಸಾಲುವಷ್ಟು ಇತ್ತು. "ಗೆಲ್ಲು ನೋಡೋಣ," ಎಂದ.

ಏಳಲು ಹೋದಾಗ ಬೂಟಿನ ದಾರ ಬಿಚ್ಚಿಕೊಂಡಿರುವುದು ಕಂಡಿತು, ಓಡುವಾಗ ಬಿಚ್ಚಿರಬೇಕು. ಎಡಗೈಯಿಂದ ಕಟ್ಟಲು ನೋಡಿದ, ಆಗಲಿಲ್ಲ. "ಇರು," ಎಂದು ತಮ್ಮ ಕರವಸ್ತ್ರವನ್ನು ಜೇಬಿಗೆ ತುರುಕಿ, ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿ ದಾರ ಬಿಗಿಯತೊಡಗಿದ. ಅಂಗಿಯ ಕಾಲರಿನ ಮೇಲೆ ಬೆತ್ತಲಾದ ಅವನ ಹಿಂಗತ್ತು ಕಾಣುತ್ತಿತ್ತು, ಕ್ಷೌರ ಮಾಡಿಸಿ ವಾರವಾಗಿರಬಹುದು. ಹಿಂಗತ್ತಿಗೆ ಹೊಡೆಯುವಂತಿಲ್ಲ, ಅದು ಆಟದ ನಿಯಮ. ಅವನು ತಮ್ಮ ಎದ್ದು ನಿಲ್ಲಲಿ ಎಂದು ಕಾದ.